ಸಂರಂಭ

ಉಪ್ಪಳದಲ್ಲಿ, ಹೈವೇ ಅಗಲವಾದಾಗ
ಹತ್ತಡಿ ಹಿಂದೆ ಸರಿದ ನನ್ನ ಜೆರಾಕ್ಸ್ ಅಂಗಡಿಗೆ
ವಾರಿಜಕ್ಕ ಬಂದದ್ದು ಮಲಯಾಳದ ಫಾರ್ಮು ಹಿಡಿದು.
ಮಡಚಿ ಮಡಚಿ ಗೆರೆಗಳಲ್ಲಿ ಆಗಲೇ ಹರಿದಿತ್ತು.

'ಸಂರಂಭದ ಹೆಸರು' ಎಂದು ಓದಿದೆ.
'ಸಮಾರಂಭವಾ? ನಮ್ಮಲ್ಲಿ ಎಂತ ಸಮಾರಂಭ ಮಾರಾಯ,
ಮಗಳ ಮದುವೆ ಆಗಿ ನಾಲ್ಕು ವರ್ಷ ಆಯ್ತು.'
ಅಲ್ಲಕ್ಕ, ಸಂರಂಭ ಅಂದರೆ ಉದ್ಯಮ,
ನಿಮ್ಮ ಹಿಟ್ಟಿನ ಕೆಲಸ.
'ಅರೆಯುವುದಕ್ಕೆ ಇಷ್ಟು ದೊಡ್ಡ ಹೆಸರಾ!'

ಇಪ್ಪತ್ತೆಂಟು ವರ್ಷ ಬೀಡಿ ಕಟ್ಟಿದ ಬೆರಳು.
ಬ್ರಾಂಚು ಮುಚ್ಚಿದ ಮೇಲೂ ಸುಮ್ಮನಿರದೆ
ಸೆರಗಿನ ತುದಿಯನ್ನೇ ಸುರುಳಿ ಸುತ್ತುತ್ತಿತ್ತು.
ಈಗ ದೋಸೆಹಿಟ್ಟು. ಪ್ಯಾಕೇಟನ್ನೂ
ಇಪ್ಪತ್ತೈದರ ಕಟ್ಟಿನ ಲೆಕ್ಕದಲ್ಲೇ ಎಣಿಸುತ್ತಾರೆ.

ಕೆಲಸಗಾರರು ಎಷ್ಟು?
'ನಾನೊಬ್ಬಳು. ಗ್ರೈಂಡರನ್ನೂ ಬರಿ,
ಅದು ನನಗಿಂತ ಹೆಚ್ಚು ಬೊಬ್ಬೆ ಹೊಡೆಯುತ್ತದೆ.'
ವರ್ಷದ ವಹಿವಾಟು?
'ದಿನದ್ದು ಕೇಳು. ಸೋಮವಾರ ನಲವತ್ತು, ಶನಿವಾರ ತೊಂಬತ್ತು,
ಕರೆಂಟು ಹೋಗಿ ಹುಳಿ ಹೆಚ್ಚಾದ ದಿನ
ನೆರೆಕರೆಗೆಲ್ಲ ಧರ್ಮಕ್ಕೆ.'
ಈಡು?
ಈ ಮಾತೊಂದು ಅವರಿಗೂ ನಮಗೂ ಒಂದೇ,
ಅರ್ಥ ಹೇಳಬೇಕಾಗಲಿಲ್ಲ.
ಕೈ ತಾನಾಗಿ ಕಿವಿಯ ಬೆಂಡೋಲೆಗೆ ಹೋಯಿತು.
ಬೇಡ ಅಕ್ಕ, ಇದಕ್ಕೆ ಈಡು ಬೇಡವಂತೆ ಎಂದೆ.
ಕೈ ಕೆಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮಲಯಾಳದಲ್ಲಿ ಕಡ ಎಂದರೆ ಅಂಗಡಿ,
ನಮ್ಮಲ್ಲಿ ಕಡ ಎಂದರೆ ಸಾಲ.
ಈ ಮೆಷಿನು ತಂದ ವರ್ಷ
ಬೆಳಿಗ್ಗೆ ಶಟರ್ ಎತ್ತುವಾಗ
ಯಾವ ಕಡ ತೆರೆಯುತ್ತಿದ್ದೇನೆಂದು
ನನಗೇ ತಿಳಿಯುತ್ತಿರಲಿಲ್ಲ.
ಅದನ್ನು ಹೇಳೋಣವೆಂದು ಬಾಯಿ ತೆರೆದೆ.

'ಗೊತ್ತುಂಟು,' ಎಂದರು ಅವರೇ,
'ಬಡ್ಡಿಯೂ ರಾತ್ರಿಯೇ ಉಬ್ಬುವುದು.
ಪಾತ್ರೆ ತುಂಬ ಹೊಯ್ದರೆ
ಬೆಳಿಗ್ಗೆ ನೆಲ ಒರೆಸುವುದೇ ಕೆಲಸ.
ಅರ್ಧ ಹೊಯ್ಯಬೇಕು. ಏರಲಿಕ್ಕೆ ಜಾಗ ಬಿಡಬೇಕು.'
ಐದು ಲಕ್ಷದವರೆಗೆ ಕೇಳಬಹುದಾದ ಫಾರ್ಮಿನಲ್ಲಿ
ಬರೆಸಿದ್ದು ಒಂದೂಕಾಲು:
ದೊಡ್ಡ ಗ್ರೈಂಡರು, ಒಂದು ಫ್ರಿಜ್ಜು,
ಸೊಸೆ ಸ್ಕೂಟರ್ ಕಲಿತರೆ ಪೆಟ್ರೋಲು.

ಹೆಸರಿನ ಖಾನೆ ಖಾಲಿಯೇ ಉಳಿದಿತ್ತು.
ಪೆನ್ನು ಇಸಕೊಂಡು ಕನ್ನಡದಲ್ಲಿ 'ವಾರಿಜ' ಎಂದು ಬರೆದರು,
ಬೀಡಿ ಪಾಸ್‌ಬುಕ್ಕಿನ ಇಕ್ಕಟ್ಟಿಗೆ ರೂಢಿಯಾದ
ಇರುವೆಯಂಥ ಅಕ್ಷರ.
ಇಲ್ಲಿ ಜಾಗ ಬೇಕಾದಷ್ಟುಂಟು ಅಕ್ಕ, ಎಂದೆ.
ಆ ಸಣ್ಣ ಹೆಸರಿನ ಮುಂದೆ
ಅಷ್ಟೇ ಸಣ್ಣದಾಗಿ 'ಹಿಟ್ಟು' ಎಂದು ಸೇರಿಸಿದರು.

ಎರಡು ಪ್ರತಿ ತೆಗೆದುಕೊಟ್ಟೆ.
ದುಡ್ಡು ಬೇಡ ಎಂದದ್ದೇ ತಪ್ಪಾಯಿತು.
ನಾಲ್ಕು ರೂಪಾಯಿ ಗಾಜಿನ ಮೇಲೆ ಎಣಿಸಿಟ್ಟು,
ಇನ್ನೂ ಬಿಸಿ ಆರದ ಮೆಷಿನಿನ ಬೆನ್ನು
ಎಮ್ಮೆಯದೋ ಎಂಬಂತೆ ತಟ್ಟಿ,
'ತಕೋ. ಇದು ಮತ್ತೆ ಸಮಾರಂಭವಾ?' ಎಂದು
ಮೆಟ್ಟಿಲಿಳಿದು ಸರ್ವಿಸ್ ರೋಡು ದಾಟಿದರು.