ಒಂದೇ ಕಿವಿಯ ಲೆಕ್ಕ

ಚೌಬಾರಾದ ಹಿಂದಿನ ಓಣಿ. ಕೆಳಗೆ ಬಿದ್ರಿಯ ಕುಟ್ಟಣೆ,
ಮೇಲೆ ಹಳೆ ಗಾದಿಗಳನ್ನು ಗೋಡೆಗೆ ಬಡಿದ ನನ್ನ ಕೋಣೆ.
ಒಂದರಿಂದ ಎರಡು, ಕೆಳಗಿನವರು ಉಣ್ಣುವ ಹೊತ್ತು,
ಆ ಒಂದು ತಾಸಷ್ಟೇ ಮೈಕು ನನ್ನ ಮಾತು ಕೇಳುತ್ತದೆ.

ನಿನ್ನೆ ಘಾಳೆಪ್ಪ ಬಂದು ಪೇಟಿಯ ಒಂದೇ ಮನೆ ಒತ್ತಿ
ಒಂದೂವರೆ ನಿಮಿಷ ಹಿಡಿದು, ಬೆವರು ಒರೆಸಿಕೊಂಡು ಹೋದ.
ರೊಟ್ಟಿಯ ಗಂಟು ಇಲ್ಲೇ ಮರೆತು ಹೋದ.
ಇವತ್ತು ಆ ಸ್ವರಕ್ಕೆ ಕಾಲು ಕೊಡಬೇಕು,
ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ.
ಯಾವ ನಡಿಗೆ?

ಪರದೆಯ ಮೇಲೆ ಸಾಲಾಗಿ ಕೂತಿವೆ ಆಕಾರಗಳು.
ದುಂಡು ಅಲೆ: ತುದಿಯಲ್ಲಿ ತುಸು ತಡೆದು, ನಡುವೆ ಸರ್ರನೆ ಜಾರಿ,
ಪಂಚಮಿಯ ಜೋಕಾಲಿ.
ತ್ರಿಕೋನ: ಎಲ್ಲೂ ನಿಲ್ಲದೆ ಒಂದೇ ವೇಗ, ಕೊನೆಗೆ ಥಟ್ಟನೆ ತಿರುವು,
ಔರಾದಿಗೆ ಹೋಗಿ ಬರುವ ಬಸ್ಸು;
ಡ್ರೈವರು ಚಹಾಕ್ಕೂ ಇಳಿಯುವುದಿಲ್ಲ.
ಗರಗಸ: ಮೆಲ್ಲಗೆ ಏರಿ, ಏರಿ, ಏರಿ,
ದೊಪ್.
ಚೌಕ: ಅಲ್ಲಿ. ಇಲ್ಲಿ. ಅಲ್ಲಿ. ನಡುವೆ ದಾರಿಯೇ ಇಲ್ಲ.
ಕೊನೆಯದಕ್ಕೆ ಆಕಾರವೂ ಇಲ್ಲ, ಬೇಕಾದಲ್ಲಿ ನೆಗೆದು ಕೂಡುತ್ತದೆ,
ಮೇ ತಿಂಗಳ ವೋಲ್ಟೇಜು.

ಮೊಯಿಜ್ ಚಾಚಾ ಚಹಾ ಹಿಡಿದು ಮೆಟ್ಟಿಲೇರಿ ಬಂದರು.
ಉಗುರ ಸಂದಿಯಲ್ಲಿ ಕಿಲ್ಲೆಯ ಮಣ್ಣು.
ಪರದೆ ನೋಡಿ ನಕ್ಕರು: "ಇವೆಲ್ಲಾ ನಾ ದಿನಾ ಕೊರೀತೀನಲ್ಲ ಬೇಟಿ.
ಇದು ಬಳ್ಳಿ. ಇದು ಗುಡ್ಡ. ಇದು ಕಿಲ್ಲೇದ ತೆನಿ.
ಬಳ್ಳಿಗಿ ಬೆಳ್ಳಿ ತಂತಿ ತಾನೇ ಬಾಗ್ತದ,
ತೆನೀಗಿ ಮಾತ್ರ ಮೂಲಿಮೂಲಿಗಿ ಕತ್ತರಸಬೇಕು."

ಹೌದು, ಚೌಕದ ಮೂಲೆಯಲ್ಲಿ ನನಗೂ 'ಟಿಕ್' ಎನ್ನುತ್ತದೆ.
ಸ್ವರವೂ ಅಲ್ಲಿ ಕತ್ತರಿಸಿರುತ್ತದೆ.

ದುಂಡು ಅಲೆ ಹಾಕಿ, ನಾಲ್ಕು ಸೆಕೆಂಡಿಗೊಂದು ಸುತ್ತು ಇಟ್ಟು,
ಅವರ ಟೊಪ್ಪಿಗೆಯ ಮೇಲೆ ಹೆಡ್‌ಫೋನು ತೊಡಿಸಿದೆ.
"ಕೇಳ್ರಿ ಚಾಚಾ, ಘಾಳೆಪ್ಪ ಈ ಕಿವಿಯಿಂದ ಆ ಕಿವಿಗಿ ಹೋಗ್ಲತ್ತಾನ."
ಕಣ್ಣು ಮುಚ್ಚಿದರು. ಚಹಾದ ಮೇಲೆ ಕೆನೆ ಕಟ್ಟಿತು.
"ಎಲ್ಲಿ ಹೋಗ್ಲತ್ತಾನ? ಇಲ್ಲೇ ಕುಂತಾನ.
ಉಸಿರು ತಗೋತಾನ, ಬಿಡ್ತಾನ. ತಗೋತಾನ, ಬಿಡ್ತಾನ.
ದಣದಾನ ಪಾಪ."

ಆಗ ನೆನಪಾಯಿತು. ನಲವತ್ತು ವರ್ಷದ ಸುತ್ತಿಗೆಗೆ
ಆ ಎಡಗಿವಿ ಎಂದೋ ಅಂಗಡಿ ಮುಚ್ಚಿದೆ.

ಎರಡನೇ ಹೆಡ್‌ಫೋನು ಹಾಕಿ, ಎಡದ ಬಟ್ಟಲು ಕೆನ್ನೆಗೆ ಸರಿಸಿದೆ.
ಪಯಣ ನಿಂತಿತು.
ಗೋಡೆ ಹೋಯಿತು, ದಾರಿ ಹೋಯಿತು,
ಕ್ಷೀಣಿಸಿ ತುಂಬುವ, ತುಂಬಿ ಕ್ಷೀಣಿಸುವ ಒಂದು ಎದೆ.
ನಾನು ನಡಿಗೆ ಅಂದದ್ದು ಅವರಿಗೆ ನಡುಕ.
ಅಲೆ ಅದೇ.

ಒಂದು ಗುಂಡಿಯಿದೆ, ಹಂತ ತಿರುಗಿಸುವ ಗುಂಡಿ.
ನೂರಾ ಎಂಬತ್ತರಲ್ಲಿ ಒಂದು ಕಿವಿ ತುಂಬುವಾಗ ಇನ್ನೊಂದು ಬರಿದು.
ಎಡವನ್ನಷ್ಟೇ ಹಿಡಿದು ಸೊನ್ನೆಗೆ ತಂದೆ,
ಬಟ್ಟಲನ್ನು ಮತ್ತೆ ಕಿವಿಗೆ ಏರಿಸಿದೆ.
ಘಾಳೆಪ್ಪ ಅಲೆದಾಟ ಬಿಟ್ಟು
ನನ್ನ ಹಣೆಯ ನಡುವೆ ಬಂದು ಕೂತ, ಉಸಿರಾಡಿದ.

"ಈಗೇನ್ ಬದ್ಲಾತು?" ಅಂದರು ಚಾಚಾ.
"ಏನಿಲ್ರಿ."
ಅವರ ಪಾಲಿಗೆ ಅದು ಸುಳ್ಳಲ್ಲ.

ಎರಡಾಯಿತು. ಕೆಳಗೆ ಕುಟ್ಟಣೆ ಮೊದಲಾಯಿತು.
ಮೈಕಿಗೆ ಟವೆಲು ಹೊದಿಸಿದೆ.
ಚಾಚಾ ಬಲಗಿವಿಯನ್ನು ಗೋಡೆಯ ಕಡೆಗಿಟ್ಟು
ಒಂದೊಂದೇ ಮೆಟ್ಟಿಲು ಇಳಿದರು.