ತೂತು ತಗಡು

ಹತ್ತಿಗೆ ಬಾಯಿಲ್ಲ, ಅದಕ್ಕೇ ಮೈಮೇಲೆ ಬರೀಬೇಕು
ಅನ್ನುತ್ತಿದ್ದ ಉಚ್ಚೆಂಗೆಪ್ಪ.
ದಾವಣಗೆರೆ ಗೂಡ್ಸ್ ಶೆಡ್ಡಿನ ಹಿಂದೆ
ಪ್ರೆಸ್ಸಿನಿಂದ ಉಸಿರುಕಟ್ಟಿ ಬಿದ್ದ ಅಂಡಿಗೆಗಳ ಸಾಲು.
ಅವನ ಕೈಯಲ್ಲಿ ಕುಂಚ, ತೂತು ಕೊರೆದ ತಗಡು,
ನನ್ನ ಕೈಯಲ್ಲಿ ಡಾಂಬರಿನ ಡಬ್ಬಿ.
ನನಗೆ ಒಂಬತ್ತು. ದಿನಕ್ಕೆ ಮೂರು ಕಾಸು.
ಕುಂಚ ಅದ್ದಿ, ಅಂಚಿಗೆ ಒರೆಸಿ, 'ಸಾಕು' ಅನ್ನುತ್ತಿದ್ದ;
ಒಮ್ಮೆ ಸವರಿದರೆ ಲಿವರ್‌ಪೂಲು.

ಓದು ಬಾರದು. ಊರೆಂದು ಗೊತ್ತು, ನೀರಿನಾಚೆಯೆಂದು ಗೊತ್ತು.
'ಬಾತಿ ಗುಡ್ಡಕ್ಕಿಂತ ದೂರ ಏನಲೇ?'
ನನ್ನನ್ನೇ ಕೇಳುತ್ತಿದ್ದ, ನಗದೆ.

ಸಿಟ್ಟು ಆಗ ಇರಲಿಲ್ಲ. ಇದನ್ನು ನೆಟ್ಟಗೆ ಹೇಳಬೇಕು.
ಭಾಷಣ ಕೇಳಿ ಬಂದದ್ದಲ್ಲ ಅದು.
ಕಂಪನಿಯ ಏಜೆಂಟು ಮೊಣಕೈವರೆಗೆ ಅಂಡಿಗೆಗೆ ಕೈ ತೂರಿಸಿ
'ತೇವ' ಅಂದನಲ್ಲ, ಮಣಕ್ಕೆ ಎರಡು ಸೇರು ಮುರಿದನಲ್ಲ,
ಕಡುಬೇಸಿಗೆ, ನಮ್ಮ ನಾಲಗೆಯೂ ಒಣಗಿದ್ದ ದಿನ,
ಆಗ ಒಂದು ಎಳೆ.
ಮಗಳು ಕಾಟವ್ವನ ಮದುವೆಗೆ ತಂದ ಸೀರೆ
ಬಿಚ್ಚಿದರೆ ಒಳಮಡಿಕೆಯಲ್ಲಿ ನೀಲಿ ಮುದ್ರೆ:
ಬೇರೆ ಊರು, ಅದೇ ಅಕ್ಷರಗಳ ಕೊಂಬು.
ಕುಂಚದ ದಾರಿ ಬಲ್ಲ ಬೆರಳು ಅದನ್ನು ತಡವಿತು.
'ಹೋದಾಕೆನೇ ಬಂದಾಳೆ. ತೆರ ಮಾತ್ರ ಏಳು ಪಟ್ಟು.'
ಒಳಗೆ ಸೋಬಾನೆ. ಅವನು ಉಣ್ಣಲು ಕೂರಲಿಲ್ಲ.

ಆಮೇಲೆ ಯುದ್ಧ. ತಗಡು ಬದಲಾಯಿತು.
ಅಕ್ಷರವಿಲ್ಲ, ಮೂರು ಗೆರೆಯ ಬಾಣ.
ಅಂಡಿಗೆಗೆ ಬಾಣ, ಜೋಳದ ಚೀಲಕ್ಕೆ ಬಾಣ,
ಬಾಡಿಗೆ ಗಾಡಿಯ ನೊಗಕ್ಕೂ ಬಾಣ.
ಒಂದು ಸಂಜೆ ಕಚೇರಿಯ ಜವಾನ
ಗೌರಜ್ಜಿಯ ಒಂಟಿ ಎತ್ತನ್ನು ಹಗ್ಗ ಹಿಡಿದು ತಂದು
ತೊಡೆ ತೋರಿಸಿ 'ಇದಕ್ಕೂ' ಅಂದ.

ಉಚ್ಚೆಂಗೆಪ್ಪ ಬೇಡರ ಕುಲದವನು;
ಅಜ್ಜನ ಬತ್ತಳಿಕೆ ಇನ್ನೂ ಅವನ ಜಂತೆಗೆ ತೂಗುತ್ತಿತ್ತು, ಖಾಲಿ.
ಎತ್ತು ಅವನನ್ನು ನೋಡಿತು. ಅವನು ತಗಡನ್ನು ನೋಡಿದ.
'ನಮ್ಮ ಬಾಣ ಕಣಲೇ ಇದು.
ನನ್ನ ಕೈಲೇ ನಮಗೇ ಹೊಡಸ್ತಾರೆ.'
ಐವತ್ತು ವರ್ಷಕ್ಕೆ ಮೊದಲ ಸಲ
ಬೇಡ ಅಂದ.
ಕೂಲಿ ಹೋಯಿತು. ಎತ್ತೂ ಹೋಯಿತು, ಬೇರೆಯವನ ಕುಂಚದಡಿ.

ಶ್ರಾವಣ. ತೋಳಹುಣಸೆಯ ಕಡೆ ತಂತಿ ಕಡಿದರಂತೆ,
ಇಸ್ಕೂಲು ಹುಡುಗರು ಗಂಟೆ ಬಾರಿಸಿ ತಾವೇ ಹೊರಬಿದ್ದರಂತೆ.
ಆ 'ಅಂತೆ'ಗಳ ರಾತ್ರಿ ನಾವು ಮೂವರು
ತಗಡಿನ ಕೆಲಸದ ದಾದಾಪೀರನ ಅಂಗಡಿಯಲ್ಲಿ, ಬಾಗಿಲು ಹಾಕಿ.
'ಏನು ಕೊರೀಲಿ?'
ತಗಡು ಗೇಣುದ್ದ. ಘೋಷಣೆಗಳೆಲ್ಲ ಮಾರುದ್ದ.
ನಾನು ಸೀಮೆಸುಣ್ಣದಲ್ಲಿ ಎರಡೇ ಅಕ್ಷರ ಬರೆದೆ.
ದಾದಾಪೀರ ತಲೆ ಕೆರೆದ: ಕನ್ನಡ ಗುಂಡು,
ಕೊರೆದರೆ ಅಕ್ಷರದ ಹೊಟ್ಟೆ ಕಳಚಿ ಬೀಳುತ್ತದೆ,
ನಡುನಡುವೆ ಸೇತುವೆ ಬಿಡಬೇಕು.
ಬಿಟ್ಟ. ಉಳಿಯ ಸದ್ದು ಕೇಳದಿರಲೆಂದು
ಅವನ ಹೆಂಡತಿ ಹೊರಗೆ ಒನಕೆ ಎತ್ತಿದಳು,
ಕುಟ್ಟಲು ಕಾಳಿಲ್ಲದ ಒರಳಿಗೆ.

ತೊಂಬತ್ತೊಂದು ಅಂಡಿಗೆ. ಬಾಣದ ಪಕ್ಕಕ್ಕೇ ಒತ್ತಿದೆವು.
ಬೆಳಗಿನ ಗಾಡಿಗೆ ಅವು ಹೊರಟವು
ಸರ್ಕಾರದ ಕಲ್ಲಿದ್ದಲಲ್ಲಿ, ಸರ್ಕಾರದ ಹಳಿಯ ಮೇಲೆ,
ನಿಲ್ದಾಣ ನಿಲ್ದಾಣಕ್ಕೂ ನಿಂತು ಎಲ್ಲರಿಗೂ ಓದಿಸುತ್ತ:
ಸಾಕು.

ಠಾಣೆಯಲ್ಲಿ ದೊರೆ ಕೇಳಿದ, ದುಬಾಷಿ ತಿರುಗಿಸಿದ:
'ಏನಿದರ ಅರ್ಥ?'
ಉಚ್ಚೆಂಗೆಪ್ಪನ ತುಟಿ ಒಡೆದಿತ್ತು.
'ಸಾಕೋದು ಸ್ವಾಮಿ. ನಿಮ್ಮನ್ನ ಇಷ್ಟು ವರ್ಷ ಸಾಕಿದ್ವಲ್ಲ.'
ತುಸು ತಡೆದು, 'ಇನ್ನೊಂದು ಅರ್ಥಾನೂ ಐತಿ.'
ದುಬಾಷಿ ನೆಲ ನೋಡಿದ. ಬಹಳ ಹೊತ್ತು
ಇಂಗ್ಲಿಷು ಹೊರಡಲಿಲ್ಲ.

ನನ್ನನ್ನು ಹುಡುಗನೆಂದು ಕೆನ್ನೆಗೆ ಎರಡು ಬಿಟ್ಟು ಕಳಿಸಿದರು.
ಬರುವಾಗ ಕಂಡೆ, ಮಂಡಕ್ಕಿ ಭಟ್ಟಿಯ ಗೋಡೆ ಮೇಲೆ
ಇದ್ದಿಲಲ್ಲಿ ಗೀಚಿದ್ದು. ಬರೆದು ರೂಢಿಯಿಲ್ಲದ ಕೈ,
'ಸ'ದ ದೀರ್ಘ ಬಿಟ್ಟುಹೋಗಿತ್ತು, ಸೇತುವೆಯಿರಲಿಲ್ಲ.
ಅದು ನಮ್ಮ ತಗಡಿನದಲ್ಲ.