ಮೇಣದ ಬೆರಳು

ಕಿಸೋ ಕಣಿವೆಯಲ್ಲಿ ಇದಕ್ಕೆ ಮೇಣರೋಗ ಅನ್ನುತ್ತಾರೆ.
ಇಪ್ಪತ್ತೆರಡು ವರ್ಷ ಚೈನ್‌ಸಾ ಹಿಡಿದ ಇವರ ಕೈ
ಗರಗಸ ನಿಂತ ಮೇಲೂ ಗುಂಯ್‌ಗುಡುತ್ತದೆ, ರಾತ್ರಿ,
ನನ್ನ ಪಕ್ಕದಲ್ಲೇ.

ನಸುಕಿಗೆ ಮೋಟಾರ್‌ಸೈಕಲ್ ಏರಿದರೆ
ಮೊದಲು ಉಂಗುರದ ಬೆರಳು ಬೆಳ್ಳಗೆ,
ಆಮೇಲೆ ನಡುಬೆರಳು, ಗೆರೆ ಎಳೆದಂತೆ.
ನೆತ್ತರು ಬುಡದಲ್ಲೇ ನಿಂತುಬಿಡುತ್ತದೆ,
ಬಾಕಿ ಕೇಳಲು ಬಂದು
ಹೊಸ್ತಿಲಲ್ಲಿ ನಾಚಿದ ನೆಂಟನ ಹಾಗೆ.

ಪರಿಹಾರಕ್ಕೆ ಡಾಕ್ಟರು ಕಣ್ಣಾರೆ ನೋಡಬೇಕಂತೆ.
ಆಸ್ಪತ್ರೆಯಲ್ಲೋ ಹೀಟರು.
ಬಿಳಿ ನೀಲಿಯಾಗಿ, ನೀಲಿ ಕೆಂಪಾಗಿ,
ಸರದಿ ಬರುವಷ್ಟರಲ್ಲಿ ಹಸುಗೂಸಿನ ಕೈ.
“ಚೆನ್ನಾಗೇ ಇದೆಯಲ್ಲ, ತಾರುಮಿ-ಸಾನ್?”
ಇವರು ತಲೆಬಾಗಿ ವಂದಿಸಿ ಬಂದರು. ಎರಡು ಸಲ.

ಮೂರನೇ ಸಲ ನಾನೂ ಹೋದೆ.
ಒಳಗೆ ಕೂರಲು ಬಿಡಲಿಲ್ಲ.
ಸೈಕಲ್ ನಿಲ್ಲಿಸುವ ತಗಡಿನ ಕೆಳಗೆ
ಬುತ್ತಿ ಡಬ್ಬಿಗೆ ಹಿಮ ತುಂಬಿ
ಎರಡೂ ಕೈ ಅದರೊಳಗಿಟ್ಟು ಒತ್ತಿ ಹಿಡಿದೆ.
ನೋವಾ, ಅಂದೆ.
ಗೊತ್ತಾಗ್ತಿಲ್ಲ, ಅಂದರು.

ನಂಬರು ಕೂಗಿದರು.
ಬಾಗಿಲ ಹಿಡಿ ಅವರ ಕೈಗೆ ಸಿಗದು, ನಾನೇ ತಳ್ಳಿದೆ.
ಹೆಬ್ಬೆರಳು ಬಿಟ್ಟು ಎಂಟೂ ಬೆಳ್ಳಗೆ.
ಎದೆಯ ಮುಂದೆ ಹರಡಿಕೊಂಡು ಮೆಲ್ಲಗೆ ನಡೆದರು,
ಹಚ್ಚಿದ ಎಂಟು ಮೇಣದಬತ್ತಿ
ಬೆಚ್ಚನೆ ಗಾಳಿಗೆ ಎಲ್ಲಿ ಆರೀತೋ
ಎಂಬಂತೆ.